ಬಿಲ್ಲಿನಲ್ಲಿ ‘ಫೈಬರ್’ ಇದ್ದರೆ ಸಾಲದು, ಗೋಡೆ ತೂತಿನ ತಂತಿ ನೋಡಿ

ದಾವಣಗೆರೆಯಲ್ಲಿ ‘ಕೇಬಲ್ ನೆಟ್’ ಅಂದರೆ ಮೂರು ಬೇರೆ ಬೇರೆ ವಸ್ತು. ಟಿವಿಗೆ ಬರುವ ದಪ್ಪ ಕಪ್ಪು ಕೋಆಕ್ಸಿಯಲ್ ತಂತಿಗೇ ಮೋಡೆಮ್ ಹಾಕಿ ಕೊಡುವ ನೆಟ್ ಒಂದು. ಬೆಂಗಳೂರಿನಿಂದ ಮನೆ ಬದಲಿಸಿ ಬಂದವರು ಕೇಬಲ್ ಅಂದರೆ ಇದನ್ನೇ ನೆನೆಯುತ್ತಾರೆ. ಕಂಬದ ಮೇಲೋ ಪಕ್ಕದ ಮನೆ ತಾರಸಿಯ ಮೇಲೋ ಇರುವ ಡಬ್ಬಿಯವರೆಗೆ ಫೈಬರ್ (ಬೆಳಕು ಹರಿಯುವ ಗಾಜಿನ ಎಳೆ), ಅಲ್ಲಿಂದ ಮನೆಗೆ ಲ್ಯಾನ್ ತಂತಿ ಎಳೆದು ಕೊಡುವುದು ಇನ್ನೊಂದು. ಮೂರನೆಯದು ಕೇಬಲ್ ಟಿವಿಯವರೇ ಕೊಡುವ ಅಪ್ಪಟ ಫೈಬರ್. ಕೊಡುವವರು ಕೇಬಲ್‌ನವರು ಅಂತ ಹಳೇ ಹೆಸರು ಹಾಗೇ ಉಳಿದಿದೆ. ಇದರಲ್ಲಿ ನಿಮ್ಮದು ಯಾವುದು ಅಂತ ತಿಳಿಯದೆ ‘ಫೈಬರ್ ಫಾಸ್ಟೋ ಕೇಬಲ್ ಫಾಸ್ಟೋ’ ಅಂತ ಪಕ್ಕದ ಮನೆಯವರ ಜೊತೆ ಹೋಲಿಸಿಕೊಂಡರೆ ಜಗಳ ಆಗುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ.

ಕಂಡುಹಿಡಿಯುವುದು ಎರಡು ನಿಮಿಷದ ಕೆಲಸ. ವೈಫೈ ಡಬ್ಬಿಗೆ ಹೊರಗಿನಿಂದ ಬರುವ ತಂತಿಯ ತುದಿ ನೋಡಿ. ಹಸಿರು ಅಥವಾ ನೀಲಿ ಚೌಕ ಪ್ಲಗ್ ಇದ್ದು, ತಂತಿ ಶಾವಿಗೆಯ ಹಾಗೆ ಸಣ್ಣಗೋ ಚಪ್ಪಟೆಯಾಗೋ ಇದ್ದರೆ ಫೈಬರ್ ಮನೆಯೊಳಗೇ ಬಂದಿದೆ. ತಿರುಗಿಸಿ ಕೂರಿಸುವ ಲೋಹದ ತಲೆ, ನಡುವೆ ತಾಮ್ರದ ಒಂದೇ ಕಡ್ಡಿ ಇದ್ದರೆ ಕೋಆಕ್ಸಿಯಲ್. ಗಾಜಿನಂಥ ಪ್ಲಾಸ್ಟಿಕ್ ಕ್ಲಿಪ್ಪಿನೊಳಗೆ ಎಂಟು ಬಣ್ಣದ ಎಳೆ ಕಂಡರೆ ಲ್ಯಾನ್. ಈ ಕೊನೆಯ ಬಗೆಯ ಬಿಲ್ಲಿನಲ್ಲೂ ‘ಫೈಬರ್’ ಅಂತಲೇ ಬರೆದಿರಬಹುದು. ಪೂರ್ತಿ ಸುಳ್ಳು ಅನ್ನುವಂತಿಲ್ಲ, ಕಂಬದವರೆಗೆ ಬಂದಿದೆ, ಮನೆಗೆ ಬಂದಿಲ್ಲ ಅಷ್ಟೇ. ಫೈಬರ್ ಪ್ಲಗ್ ಬಿಚ್ಚಿದರೆ ತುದಿಯನ್ನು ಕಣ್ಣಿಗೆ ಹಿಡಿದು ಇಣುಕಬೇಡಿ. ಅದರಲ್ಲಿ ಬರುವ 1490 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ.

ಇನ್ನು ಅಳತೆ. “ಅಣ್ಣಾ, ನೂರರ ಪ್ಲ್ಯಾನ್ ಹಾಕ್ಸೀವಿ, ನಲವತ್ತೂ ಬರ್ತಾ ಇಲ್ಲ ನೋಡ್ರಿ” ಅನ್ನುವ ದೂರಿಗೆ ಮೊದಲ ಮರುಪ್ರಶ್ನೆ: ಯಾವುದರಲ್ಲಿ ನೋಡಿದಿರಿ? ಸಾಮಾನ್ಯ ಫೋನು 2.4 ಗಿಗಾಹರ್ಟ್ಸ್ ವೈಫೈಗೆ ಕೂತರೆ ಗಾಳಿಯಲ್ಲಿನ ಲಿಂಕೇ 72 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 72 ಮೆಗಾಬಿಟ್. ಕೈಗೆ ಸಿಗುವುದು ಅದರ ಅರ್ಧದಷ್ಟು. ಹಿಂದೆ ಫೈಬರ್ ಇರಲಿ, ಕೋಆಕ್ಸಿಯಲ್ ಇರಲಿ, ಆ ಫೋನಿಗೆ ಎರಡೂ ಒಂದೇ. ಹಾಗಾಗಿ ತಂತಿ ತಂತಿಯನ್ನು ಹೋಲಿಸಬೇಕೆಂದರೆ ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಚುಚ್ಚಿ, ವೈಫೈ ಆರಿಸಿ, ಟಿವಿ ಮತ್ತು ಮನೆಯವರ ಫೋನುಗಳನ್ನು ನೆಟ್‌ನಿಂದ ಬಿಡಿಸಿ ಅಳೆಯಬೇಕು. ಲ್ಯಾಪ್‌ಟಾಪಿನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ 100 ಅಂತ ತೋರಿಸುತ್ತಿದೆಯೋ 1000 ಅಂತಲೋ ನೋಡಿಕೊಳ್ಳಿ. ಅಗ್ಗದ ರೂಟರುಗಳ ಪೋರ್ಟು 100ರದ್ದೇ. 200ರ ಪ್ಲ್ಯಾನ್ ಹಾಕಿಸಿದರೂ ಟೆಸ್ಟು 94–95ಕ್ಕೆ ನಿಂತುಬಿಡುತ್ತದೆ. ಸಂಖ್ಯೆ ಪ್ರತಿ ಸಲವೂ 94ರ ಹತ್ತಿರವೇ ನಿಲ್ಲುತ್ತಿದ್ದರೆ ಲೈನನ್ನು ಬೈಯಬೇಡಿ, ಪೋರ್ಟೋ ಲ್ಯಾನ್ ಕೇಬಲ್ಲೋ ಕಟ್ಟಿಹಾಕಿದೆ. 1000ದ ಪೋರ್ಟಿನಲ್ಲಿ 940ರ ತನಕ ಕಾಣಬಹುದು. ಡೌನ್‌ಲೋಡ್ ಆಗುವಾಗ ಕಂಪ್ಯೂಟರು ‘ಸೆಕೆಂಡಿಗೆ 12 ಎಂಬಿ’ ಅಂತ ತೋರಿಸಿದರೂ ಗಾಬರಿ ಬೇಡ, ಅದು ಬೈಟಿನ ಲೆಕ್ಕ, ಒಂದು ಬೈಟಿಗೆ ಎಂಟು ಬಿಟ್, ಹಾಗಾಗಿ ಎಂಟರಿಂದ ಗುಣಿಸಿ. ನೂರರ ಪ್ಲ್ಯಾನು ಸರಿಯಾಗೇ ಬರುತ್ತಿದೆ.

ಟೆಸ್ಟ್ ಆ್ಯಪು ತಾನಾಗಿ ಆರಿಸುವ ಸರ್ವರ್ ಬಹುಮಟ್ಟಿಗೆ ಹತ್ತಿರದ್ದು, ಎಷ್ಟೋ ಸಲ ಆಪರೇಟರದ್ದೇ. ಅದರಲ್ಲಿ ಸಿಗುವ ಅಂಕಿ ನಿಮ್ಮ ಮನೆಯಿಂದ ಆಪರೇಟರ ಕೋಣೆಯವರೆಗಿನ ಲೈನಿನದ್ದು ಮಾತ್ರ. ಅದೊಮ್ಮೆ ನೋಡಿ, ಆಮೇಲೆ ಬೆಂಗಳೂರಿನ ಬೇರೆ ಕಂಪನಿಯ ಸರ್ವರ್, ಮುಂಬೈ ಅಥವಾ ಚೆನ್ನೈನದ್ದೊಂದು, ಹೀಗೆ ಮೂರು ಅಳೆಯಿರಿ. ಬೆಳಗ್ಗೆ 7ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 9ಕ್ಕೆ, ಮೂರು ದಿನ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟರೂ ಸಾಕು. ಆಪರೇಟರ ಸರ್ವರಿಗೆ 100 ಬಂದು, ಅದೇ ರಾತ್ರಿ 9ಕ್ಕೆ ಬೆಂಗಳೂರಿಗೆ 25 ಬಂದರೆ ಮನೆ ತಂತಿಯಲ್ಲಿ ದೋಷವಿಲ್ಲ. ಆಪರೇಟರು ಮೇಲಿನವರಿಂದ ಕೊಂಡ ಬ್ಯಾಂಡ್‌ವಿಡ್ತ್ ಊಟ ಮುಗಿಸಿ ಊರೆಲ್ಲ ಫೋನ್ ಹಿಡಿಯುವ ಹೊತ್ತಿಗೆ ಸಾಲುತ್ತಿಲ್ಲ. ಕಾಲೇಜು ಹುಡುಗರ ಪಿಜಿಗಳಿರುವ ಬೀದಿಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ಇಂಥಲ್ಲಿ ಕೇಬಲ್ ಕಿತ್ತು ಅದೇ ಆಪರೇಟರ ಫೈಬರ್ ಹಾಕಿಸಿಕೊಂಡವರಿಗೆ ಖರ್ಚು ಬಂತೇ ವಿನಾ ವೇಗ ಬರಲಿಲ್ಲ. ಸರ್ಕಾರದ ವ್ಯಾಖ್ಯೆಯೂ ನೆರವಿಗೆ ಬರುವುದಿಲ್ಲ: 2023ರಿಂದ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಡೌನ್‌ಲೋಡ್ ಕನಿಷ್ಠ 2 ಎಂಬಿಪಿಎಸ್ ಇದ್ದರೆ ಸಾಕು, ಮೊದಲು 512 ಕೆಬಿಪಿಎಸ್ ಇತ್ತು.

ಪಿಂಗ್, ಅಂದರೆ ಡೇಟಾ ಸರ್ವರಿಗೆ ಹೋಗಿಬರಲು ಹಿಡಿಯುವ ಸಮಯ, ಅದರ ಬಗ್ಗೆಯೂ ಒಂದು ಲೆಕ್ಕ ಇಟ್ಟುಕೊಳ್ಳಿ. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಹೋಗಿಬರಲು ಮೂರು ಮಿಲಿಸೆಕೆಂಡೂ ಬೇಡ. ಉಳಿದದ್ದೆಲ್ಲ ನಡುವಿನ ಯಂತ್ರಗಳ ಮತ್ತು ಸುತ್ತು ದಾರಿಯ ಪಾಲು. ಬೆಂಗಳೂರಿನ ಸರ್ವರಿಗೆ 15ರ ಒಳಗಿದ್ದರೆ ಚೆನ್ನ. ಲೈನು ಖಾಲಿ ಇರುವಾಗಲೇ 40 ದಾಟಿದರೆ ಡೇಟಾ ಬೇರೆ ಊರು ಸುತ್ತಿ ಬರುತ್ತಿರಬಹುದು. ಪಿಂಗನ್ನು ಎರಡು ಸಲ ನೋಡಬೇಕು: ಸುಮ್ಮನಿರುವಾಗ ಒಮ್ಮೆ, ದೊಡ್ಡ ಫೈಲು ಅಪ್‌ಲೋಡ್ ಆಗುತ್ತಿರುವಾಗ ಒಮ್ಮೆ. 12 ಇದ್ದದ್ದು ಅಪ್‌ಲೋಡ್ ನಡೆಯುವಾಗ 300 ಆಯಿತೆಂದರೆ, ಮಗ ಫೋಟೊ ಕಳಿಸುವ ಹೊತ್ತಿಗೇ ಅಪ್ಪನ ಆಫೀಸ್ ವಿಡಿಯೊ ಕರೆ ಯಾಕೆ ಗೊರಗೊರ ಅನ್ನುತ್ತದೆ ಅಂತ ಹುಡುಕುತ್ತಾ ಕೂರಬೇಕಿಲ್ಲ.

ಕೋಆಕ್ಸಿಯಲ್ಲಿಗೂ ಫೈಬರಿಗೂ ಇರುವ ನಿಜವಾದ ಅಂತರ ಈ ಅಪ್‌ಲೋಡಿನಲ್ಲೇ. ಕೋಆಕ್ಸಿಯಲ್ ತಂತಿಯನ್ನು ಹಾಕಿದ್ದು ಟಿವಿ ಚಾನೆಲ್‌ಗಳನ್ನು ಮನೆಗೆ ತರಲು. ಮನೆಯಿಂದ ಹೊರಗೆ ಹೋಗಲು ಬಿಟ್ಟಿರುವುದು 5ರಿಂದ 65 ಮೆಗಾಹರ್ಟ್ಸ್‌ವರೆಗಿನ ಒಂದು ಸಣ್ಣ ಕಿಂಡಿ, ಕೆಲವೆಡೆ 42ಕ್ಕೇ ಮುಗಿಯುತ್ತದೆ. ಕೋಆಕ್ಸಿಯಲ್ಲಿನಲ್ಲಿ ನೆಟ್ ಕಳಿಸುವ 2006ರ ಡಾಕ್ಸಿಸ್ 3.0 ಪದ್ಧತಿಯಲ್ಲಿ ಇಳಿಯುವ (ಡೌನ್‌ಲೋಡ್) ಕಡೆ 8 ಮೆಗಾಹರ್ಟ್ಸಿನ ಒಂದೊಂದು ಚಾನೆಲ್ಲಿಗೆ ಸುಮಾರು 50 ಎಂಬಿಪಿಎಸ್, ಎಂಟು ಸೇರಿಸಿದರೆ 400. ಏರುವ (ಅಪ್‌ಲೋಡ್) ಕಡೆ ಒಂದು ಚಾನೆಲ್ಲಿಗೆ 30ಕ್ಕಿಂತ ಕಡಿಮೆ. ಅದನ್ನೇ ಇಡೀ ಬೀದಿ ಹಂಚಿಕೊಳ್ಳಬೇಕು. ಫೈಬರೂ ಹಂಚಿಕೆಯದ್ದೇ, ‘ನಿಮಗೊಬ್ಬರಿಗೇ ಲೈನು’ ಅನ್ನುವ ಸೇಲ್ಸ್‌ನವರ ಮಾತು ನಂಬಬೇಡಿ. ಒಂದೇ ಎಳೆಯನ್ನು ಹಲವು ಮನೆಗೆ ಒಡೆದು ಕೊಡುವ ಜಿಪಾನ್ ಪದ್ಧತಿಯಲ್ಲಿ ಇಳಿಯಲು ಸೆಕೆಂಡಿಗೆ 2.488 ಗಿಗಾಬಿಟ್, ಏರಲು 1.244, ಇದನ್ನು 32 ಅಥವಾ 64 ಮನೆ ಹಂಚಿಕೊಳ್ಳುತ್ತವೆ. 64 ಮನೆಯೂ ಒಟ್ಟಿಗೆ ಪೂರ್ತಿ ಎಳೆದರೆ ತಲೆಗೆ 39 ಎಂಬಿಪಿಎಸ್ ಅಷ್ಟೇ, ಆದರೆ ಹಾಗೆ ಎಳೆಯುವ ಗಳಿಗೆ ಬರುವುದು ತೀರಾ ಅಪರೂಪ. ಚಿಕ್ಕ ಆಪರೇಟರುಗಳು ಹಾಕುವ ಈಪಾನ್ ಅನ್ನುವ ಇಂಥದ್ದೇ ಪದ್ಧತಿಯಲ್ಲಿ ಎರಡೂ ಕಡೆ 1 ಗಿಗಾಬಿಟ್. ಮದುವೆ ಸೀಸನ್ನಿನಲ್ಲಿ ಸ್ಟುಡಿಯೊದವರು 20 ಜಿಬಿ ವಿಡಿಯೊ ಎಡಿಟಿಂಗಿಗೆ ಕಳಿಸುತ್ತಾರೆ ಅನ್ನಿ. ಅಪ್‌ಲೋಡ್ 10 ಇದ್ದರೆ ನಾಲ್ಕೂವರೆ ಗಂಟೆಗೆ ಮೂರು ನಿಮಿಷ ಕಡಿಮೆ. 100 ಇದ್ದರೆ 27 ನಿಮಿಷ. ಬರೀ ಸಿನಿಮಾ, ಕ್ರಿಕೆಟ್ ನೋಡುವ ಮನೆಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಂಥವರು ಚೆನ್ನಾಗಿ ನಡೆಯುತ್ತಿರುವ ಕೇಬಲ್ ಕೀಳಿಸುವ ಅಗತ್ಯ ಇಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಫೈಬರಿನಲ್ಲಿ ಸ್ಪೀಡ್ ಟೆಸ್ಟ್ ಹೇಳದ ಒಂದು ವಿಷಯವಿದೆ, ಪವರ್, ಅಂದರೆ ಮನೆಗೆ ಮುಟ್ಟುವ ಬೆಳಕಿನ ಬಲ. ಲೈನ್ ಹುಡುಗರು ‘ಮೈನಸ್ ಎಷ್ಟಿದೆ’ ಅಂತ ಕೇಳುವುದು ಇದನ್ನೇ. ನಿಟ್ಟುವಳ್ಳಿಯ ಒಂದು ಮನೆ, ಆಪರೇಟರ ಕೋಣೆಯಿಂದ 4 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಹೊರಡುವ ಬೆಳಕು ಪ್ಲಸ್ 3 ಡಿಬಿಎಂ (ಬೆಳಕಿನ ಬಲದ ಅಳತೆ ಇದು, ಅದು ಕುಗ್ಗುವ ಲೆಕ್ಕ ಡಿಬಿಯಲ್ಲಿ). ದಾರಿಯಲ್ಲಿ ಗಾಜು ತಿನ್ನುವುದು ಕಿಲೋಮೀಟರಿಗೆ ಕಾಲು ಡಿಬಿ, ಒಟ್ಟು 1. ನಾಲ್ಕಾಗಿ ಒಡೆಯುವ ಸ್ಪ್ಲಿಟರ್ ಸುಮಾರು 7, ಮುಂದೆ ಎಂಟಾಗಿ ಒಡೆಯುವುದು ಹತ್ತೂವರೆ. ನಾಲ್ಕು ಕನೆಕ್ಟರಿಗೆ 1.2, ಐದು ಸ್ಪ್ಲೈಸಿಗೆ (ಎರಡು ಎಳೆ ಕರಗಿಸಿ ಬೆಸೆದ ಜಾಗ) ಅರ್ಧ. ಕೂಡಿದರೆ 20 ಚಿಲ್ಲರೆ. ಮನೆಯಲ್ಲಿ ಮೀಟರ್ ಮೈನಸ್ 17 ತೋರಿಸಬೇಕು. ಮೈನಸ್ 25 ತೋರಿಸಿದರೆ ಎಲ್ಲೋ 8 ಡಿಬಿ ಸೋರುತ್ತಿದೆ, ಅಂದರೆ ಬರಬೇಕಾದ ಬೆಳಕಿನಲ್ಲಿ ಆರನೇ ಒಂದು ಪಾಲೂ ಬರುತ್ತಿಲ್ಲ. ಆದರೂ ಟೆಸ್ಟಿನಲ್ಲಿ ನೂರಕ್ಕೆ ನೂರು ಬರುತ್ತದೆ! ಸಾಮಾನ್ಯ ದರ್ಜೆಯ ಜಿಪಾನ್ ಡಬ್ಬಿ ಮೈನಸ್ 27ರವರೆಗೂ ಓದಿಕೊಳ್ಳುತ್ತದೆ, ಅದರಾಚೆ ಒಮ್ಮೆಲೇ ಕೈಬಿಡುತ್ತದೆ. ಕೋಆಕ್ಸಿಯಲ್ ಹಾಗೆ ನಿಧಾನಕ್ಕೆ ಸೊರಗುವ ಜಾತಿಯಲ್ಲ ಇದು. ಹಾಗಾಗಿ ಹೊಸ ಕನೆಕ್ಷನ್ ಕೊಟ್ಟ ದಿನವೇ ಮೀಟರನ್ನು 1490ಕ್ಕೆ ಇಟ್ಟು ಅಳೆಸಿ, ಅಂಕಿಯನ್ನು ಡಬ್ಬಿಯ ತಳಕ್ಕೆ ಬರೆದಿಡಿ. ಮೈನಸ್ 15ರಿಂದ 23ರೊಳಗೆ ಇದ್ದರೆ ನೆಮ್ಮದಿ.

ಆ 8 ಡಿಬಿ ಎಲ್ಲಿ ಹೋಯಿತು? ಹೆಚ್ಚಾಗಿ ಮನೆಯ ಹತ್ತಿರದ ಕೊನೆಯ ಹತ್ತು ಮೀಟರಿನಲ್ಲಿ. ಹಸಿರು ಪ್ಲಗ್ಗಿನ ತುದಿ 8 ಡಿಗ್ರಿ ಓರೆ, ನೀಲಿಯದ್ದು ನೇರ. ಹಸಿರನ್ನು ನೀಲಿ ಸಾಕೆಟ್ಟಿಗೆ ತುರುಕಿದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ. ಕೈಯಲ್ಲೇ ಕಟ್ಟುವ ಫಾಸ್ಟ್ ಕನೆಕ್ಟರಿನಲ್ಲಿ ಎಳೆ ನೇರಕ್ಕೆ ಕತ್ತರಿಸದಿದ್ದರೂ ಅಷ್ಟೇ, ಅದರ ಬದಲು ಸ್ಪ್ಲೈಸ್ ಮಾಡಿ ಪಿಗ್‌ಟೇಲ್ (ಮೊದಲೇ ಪ್ಲಗ್ ಕೂರಿಸಿದ ತುಂಡು ತಂತಿ) ಹಾಕಿದರೆ 0.1 ಡಿಬಿಯ ಒಳಗೆ ಮುಗಿಯುತ್ತದೆ. ಪ್ಲಗ್ ತುದಿಯ ಧೂಳನ್ನು ಅಂಗಿಯ ಚುಂಗಿನಲ್ಲಿ ಒರೆಸುವ ಅಭ್ಯಾಸ ಬಿಡಬೇಕು. ನಾರು ಬಿಡದ ಬಟ್ಟೆ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ, ಒಂದೇ ದಿಕ್ಕಿಗೆ ಒಂದೇ ಎಳೆತ. ಬಾಗಿಲ ಸಂದಿಗೆ ಸಿಕ್ಕ ತಂತಿ, ಮೊಳೆಗೆ ಗಂಟು ಹಾಕಿದ ಸುರುಳಿ ಇವೂ ಶತ್ರುಗಳೇ. ಕಂಬದಿಂದ ಮನೆಗೆ ಬರುವ ಈಗಿನ ಡ್ರಾಪ್ ತಂತಿ 10 ಮಿಲಿಮೀಟರ್ ತ್ರಿಜ್ಯದ ತಿರುವು ತಡೆಯುತ್ತದೆ, ಹಳೆಯದಕ್ಕೆ 30 ಬೇಕು. ಸಂಶಯ ಬಂದ ಕಡೆ ಕೆಂಪು ಲೇಸರ್ ಪೆನ್ ಬಿಟ್ಟು ನೋಡಿದರೆ ಮುರಿದ ಜಾಗ ಕೆಂಪಗೆ ಹೊಳೆಯುತ್ತದೆ, ರಾತ್ರಿ ಹೊತ್ತು ಇನ್ನೂ ಚೆನ್ನಾಗಿ. ಚಿತ್ರದುರ್ಗದ ಕೋಟೆ ಕಡೆ ಮಂಗಗಳು ತಂತಿಗೆ ಜೋತು ಬೀಳುವುದನ್ನೂ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಕೋಆಕ್ಸಿಯಲ್ ಮೋಡೆಮ್ ಇರುವವರು ಬ್ರೌಸರಿನಲ್ಲಿ 192.168.100.1 ತೆರೆದು ನೋಡಿ. ಇಳಿಯುವ ಪವರ್ ಮೈನಸ್ 7ರಿಂದ ಪ್ಲಸ್ 7 ಡಿಬಿಎಂವಿ (ಕೋಆಕ್ಸಿಯಲ್ ಸಿಗ್ನಲ್ಲಿನ ಅಳತೆ) ಒಳಗೆ, ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಅನ್ನುವ ಲೆಕ್ಕ) 33ಕ್ಕಿಂತ ಮೇಲೆ, ಏರುವ ಪವರ್ 50ರ ಕೆಳಗೆ ಇರಬೇಕು. ಏರುವ ಪವರ್ 50 ದಾಟಿದೆ ಎಂದರೆ ಮೋಡೆಮ್ ಕಿರುಚಿಕೊಂಡು ಮಾತಾಡುತ್ತಿದೆ ಅಂತ ಅರ್ಥ. ನಡುವೆ ಟಿವಿಗೆಂದು ಹಾಕಿದ ಹಳೇ ಸ್ಪ್ಲಿಟರ್ ತೆಗೆದು ನೋಡಿ, ಎರಡು ದಾರಿಯದ್ದೊಂದೇ ಮೂರೂವರೆ ಡಿಬಿ ನುಂಗುತ್ತದೆ. ತುಕ್ಕು ಹಿಡಿದ ಅಥವಾ ಸಡಿಲವಾದ ಒಂದು ಕನೆಕ್ಟರ್ ಹೊರಗಿನ ಗದ್ದಲವನ್ನೆಲ್ಲ ಹೀರಿಕೊಂಡು ಬೀದಿಯ ಅಪ್‌ಲೋಡನ್ನೇ ಕೆಡಿಸುತ್ತದೆ. ತಪ್ಪು ಒಬ್ಬರ ಮನೆಯದ್ದು, ದೂರು ಮೂವತ್ತು ಮನೆಯದ್ದು.

ಕಂಬದ ಡಬ್ಬಿಯಿಂದ ಲ್ಯಾನ್ ತಂತಿ ಬಂದಿರುವವರಿಗೆ 100 ಮೀಟರ್ ಗೆರೆ. ಅದು ದಾಟಿದರೆ ಲಿಂಕ್ ಬಿಟ್ಟು ಬಿಟ್ಟು ಬರುತ್ತದೆ. ಒಳಾಂಗಣದ ಬೂದು ತಂತಿಯನ್ನು ತಾರಸಿಯ ಬಿಸಿಲಿಗೆ ಹಾಕಿದ್ದರೆ ಹೊದಿಕೆ ಸೀಳಿ ನೀರು ಇಳಿಯುತ್ತದೆ. ಎಂಟು ಎಳೆಯಲ್ಲಿ 1, 2, 3, 6 ಸರಿಯಾಗಿದ್ದು ಮಿಕ್ಕವುಗಳಲ್ಲಿ ಒಂದು ತುಂಡಾದರೂ 1000 ಇದ್ದ ಲಿಂಕ್ 100ಕ್ಕೆ ಇಳಿಯುತ್ತದೆ, ನೆಟ್ ಮಾತ್ರ ನಡೆಯುತ್ತಲೇ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಪೋರ್ಟ್ ಸುಡುವುದೂ ಈ ತಾಮ್ರದ ತಂತಿಯಿಂದಲೇ.

ಕರೆಂಟ್ ಹೋದಾಗ ಮೂರೂ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ. ಫೈಬರಿನ ಸ್ಪ್ಲಿಟರಿಗೆ ವಿದ್ಯುತ್ ಬೇಡ. ಆಪರೇಟರ ಕೋಣೆಯಲ್ಲಿ ಬ್ಯಾಟರಿ, ನಿಮ್ಮ ಡಬ್ಬಿಗೆ 12 ವೋಲ್ಟಿನ ಮಿನಿ ಯುಪಿಎಸ್ ಇದ್ದರೆ ನೆಟ್ ನಿಲ್ಲದು. ಅಡಾಪ್ಟರಿನ ಮೇಲೆ ಬರೆದಿರುವ ಆಂಪಿಯರಿಗಿಂತ ಯುಪಿಎಸ್‌ನದ್ದು ಕಡಿಮೆ ಆಗಬಾರದು. ಕೋಆಕ್ಸಿಯಲ್ಲಿನಲ್ಲಿ ಬೀದಿಯ ಆಂಪ್ಲಿಫೈಯರುಗಳಿಗೂ ಕರೆಂಟ್ ಬೇಕು. ಲ್ಯಾನ್ ಬಗೆಯಲ್ಲಿ ಕಂಬದ ಸ್ವಿಚ್ಚಿಗೆ ಬೇಕು, ಕೆಲವೆಡೆ ಅದನ್ನು ಗ್ರಾಹಕರ ಮನೆಯ ಅಡಾಪ್ಟರಿನಿಂದಲೇ ಅದೇ ಲ್ಯಾನ್ ತಂತಿಯಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಅಲ್ಲಿ ನಿಮ್ಮ ಯುಪಿಎಸ್ ನಿಮ್ಮನ್ನು ಮಾತ್ರ ಅಲ್ಲ, ಪಕ್ಕದ ಮೂರು ಮನೆಯನ್ನೂ ಸಾಕುತ್ತಿರುತ್ತದೆ, ಅದಕ್ಕೇ ಬೇಗ ಖಾಲಿ.

ಹೊಸದಾಗಿ ಫೈಬರ್ ಎಳೆಸುವವರು ಹುಡುಗರು ಏಣಿ ಹತ್ತುವ ಮುಂಚೆಯೇ ಎರಡು ಮಾತು ಹೇಳಿ. ಡ್ರಾಪ್ ತಂತಿಯ ಜೊತೆಗಿರುವ ಉಕ್ಕಿನ ಎಳೆಯನ್ನು ಗೋಡೆಯ ಹುಕ್ಕಿಗೇ ಕಟ್ಟಿ ಕತ್ತರಿಸಬೇಕು, ಒಳಗೆ ತರಬಾರದು. ಸಿಡಿಲಿಗೆ ಅದೂ ಲೋಹವೇ. ಮತ್ತೆ, ತಂತಿ ತೂತಿಗೆ ನುಗ್ಗುವ ಮುಂಚೆ ಒಂದು ಗೇಣು ಕೆಳಕ್ಕೆ ಇಳಿದು ಮೇಲೆ ಬರಲಿ. ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಡಬ್ಬಿಯವರೆಗೆ ಬರುವುದಿಲ್ಲ.