ಬಾಗಿಲು ಯಾಕೆ ಹಾಕ್ತೀರಿ?

ಇಂಗ್ಲಿಷ್ ಅಕ್ಷರ ನೋಡಿ ನಾನು ಆ ಊರನ್ನು ಓಕ್ಸಾಕಾ ಅಂತಿದ್ದೆ. ಡಲ್ಲಾಸ್‌ನಿಂದ ಹಾರಿ ವಿಮಾನ ಇಳಿದ ಮೇಲೆ ಟ್ಯಾಕ್ಸಿಯವನು ನಕ್ಕು 'ವಹಾಕಾ' ಅಂತ ತಿದ್ದಿದ. ದಕ್ಷಿಣ ಮೆಕ್ಸಿಕೋದ ಈ ಊರಿಗೆ ಗೆಳೆಯನ ಜೊತೆ ಹೋಗಿದ್ದು ಅಕ್ಟೋಬರ್ ಕೊನೆಗೆ, ಸತ್ತವರ ಹಬ್ಬ ನೋಡೋಕೆ.

ಮೊದಲ ಎರಡು ದಿನದ್ದು ಹೇಳೋಕೆ ಜಾಸ್ತಿ ಇಲ್ಲ. ಬೀದಿ ತುಂಬ ಮುಖಕ್ಕೆ ತಲೆಬುರುಡೆ ಬಳಿಸಿಕೊಂಡು ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರು. ನನಗೆ ಹಿಡಿಸಲಿಲ್ಲ. ಮೆಕ್ಸಿಕೋ ಸಿಟಿಯಲ್ಲಂತೂ ಈ ಹಬ್ಬದ ದೊಡ್ಡ ಮೆರವಣಿಗೆ ಶುರುವಾಗಿದ್ದೇ 2016ರಲ್ಲಿ. ಅದರ ಹಿಂದಿನ ವರ್ಷ ಒಂದು ಜೇಮ್ಸ್ ಬಾಂಡ್ ಸಿನಿಮಾದಲ್ಲಿ ಅಂಥ ಮೆರವಣಿಗೆ ತೋರಿಸಿದ್ದರು, ಅದನ್ನು ನೋಡಿ ಇವರೂ ಮಾಡಿದರು!

ಊಟದ ಕಥೆ ಬೇರೆ. ಗೆಳೆಯ ಹುಟ್ಟಿದಾಗಿಂದ ಸಸ್ಯಾಹಾರಿ. 'ಸಿನ್ ಕಾರ್ನೆ', ಅಂದ್ರೆ ಮಾಂಸ ಬೇಡ ಅಂತ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮೂರು ಹೊತ್ತು ಖುಷಿಯಾಗಿ ತ್ಲಯೂದಾ ತಿಂದ. ತಟ್ಟೆಗಿಂತ ಅಗಲದ ಮುಸುಕಿನ ಜೋಳದ ರೊಟ್ಟಿ, ಮೇಲೆ ಅರೆದ ಕಾಳು, ನೂಲಿನ ಹಾಗೆ ಬಿಡಿಸಿದ ಚೀಸ್. ಎಲ್ಲದರ ಕೆಳಗೆ ಕಂದು ಬಣ್ಣದ ಒಂದು ಲೇಪ. 'ಅದೇ ಕಣೋ ರುಚಿ' ಅಂತಿದ್ದ. ಮೂರನೇ ದಿನ ಗೊತ್ತಾಯ್ತು, ಅದು ಅಸಿಯೆಂತೋ, ಹಂದಿ ಕೊಬ್ಬು ಕಾಯಿಸಿದಾಗ ತಳದಲ್ಲಿ ಉಳಿಯುವ ಜಿಡ್ಡು. ಆಮೇಲೆ ಅವನು ಬಾಳೆಹಣ್ಣಿನ ಮೇಲೇ ಬದುಕಿದ. ಹೋಗುವವರು ನೆನಪಿಡಿ: ಮಾಂಸ ಬೇಡ ಅಂದರೆ ಸಾಲದು, 'ಸಿನ್ ಅಸಿಯೆಂತೋ, ಸಿನ್ ಮಾಂತೇಕಾ' ಅಂತಲೂ ಹೇಳಿ. ಮಾಂತೇಕಾ ಅಂದ್ರೆ ಹಂದಿ ಕೊಬ್ಬು, ಎಷ್ಟೋ ಕಡೆ ಕಾಳನ್ನೂ ಅದರಲ್ಲೇ ಬಾಡಿಸ್ತಾರೆ.

31ರ ರಾತ್ರಿ ಅವನು ರೂಮಲ್ಲೇ ಉಳಿದ. ನಾನೊಬ್ಬನೇ ಪಕ್ಕದ ಹೋಹೊಕೊಟ್ಲಾನ್ ಊರಿನ ಹಳೇ ಸ್ಮಶಾನಕ್ಕೆ ಹೋದೆ.

ಬಾಗಿಲಲ್ಲೇ ಮೂಗಿಗೆ ಬಡಿದದ್ದು ಚೆಂಡು ಹೂವಿನ ಘಾಟು, ಅದರ ಜೊತೆ ಕೊಪಾಲ್ ಧೂಪ. ನಮ್ಮನೆ ಬಾಗಿಲಿಗೆ ಕಟ್ಟುವ ಅದೇ ಚೆಂಡು ಹೂವು. ಅದರ ಮೂಲ ಈ ಮೆಕ್ಸಿಕೋ ಕಡೆಯೇ. ಇಲ್ಲಿ ಅದಕ್ಕೆ ಸೆಂಪಾಸೂಚಿಲ್ ಅಂತಾರೆ, ಹಳೇ ನಾವಾಟ್ಲ್ ಭಾಷೆಯಲ್ಲಿ 'ಇಪ್ಪತ್ತು ಹೂವು'. ಆ ವಾಸನೆ ಹಿಡಿದು ಸತ್ತವರು ದಾರಿ ಕಂಡುಕೊಂಡು ಬರ್ತಾರಂತೆ. ಸಮಾಧಿಗಳ ಮೇಲೆ ಮೇಣದಬತ್ತಿ, ಕೋಳಿಜುಟ್ಟಿನ ಹೂವು. ಸುತ್ತ ಚಾಪೆ, ಕುರ್ಚಿ, ನಿದ್ದೆಗಣ್ಣಿನ ಮಕ್ಕಳು. ಅಳುವವರು ಒಬ್ಬರೂ ಕಾಣಲಿಲ್ಲ. ಜಾತ್ರೆಗೆ ಬಂದು ಬೀಡುಬಿಟ್ಟ ಹಾಗೆ ಕೂತಿದ್ದರು.

ಒಂದು ಸಮಾಧಿ ಹತ್ತಿರ ಸುಮ್ನೆ ನಿಂತಿದ್ದೆ. ಅಲ್ಲಿದ್ದ ಅಜ್ಜಿ ಕೈಸನ್ನೆ ಮಾಡಿ ಕೂರಿಸಿದರು. ಹೂಜಿಯಂಥ ಪಾತ್ರೆಯಲ್ಲಿ ಚಾಕೊಲೇಟ್ ಇತ್ತು. ಇಲ್ಲಿ ಅದನ್ನು ಹಾಲಿಗಿಂತ ನೀರಲ್ಲೇ ಹೆಚ್ಚು ಮಾಡ್ತಾರೆ, ಚಕ್ಕೆ ಹಾಕಿ. ಒಂದು ಮರದ ಕೋಲನ್ನು ಎರಡು ಅಂಗೈ ನಡುವೆ ಇಟ್ಟು ಗಿರಗಿರ ತಿರುಗಿಸಿ ನೊರೆ ಎಬ್ಬಿಸಿದರು. ಥೇಟ್ ಕಡಗೋಲು! ಜೊತೆಗೆ ಒಂದು ಬ್ರೆಡ್ಡು. ಅದರ ತಲೆಗೆ ಹಿಟ್ಟಲ್ಲಿ ಮಾಡಿದ ಪುಟ್ಟ ಮುಖ ಸಿಕ್ಕಿಸಿತ್ತು. ಕೆಂಪು ತುಟಿ, ಕಪ್ಪು ಹುಬ್ಬು. ಕಚ್ಚೋದೆಲ್ಲಿ ಅಂತ ತಿರುಗಿಸ್ತಾ ಇದ್ದರೆ ಅಜ್ಜಿ ನಕ್ಕರು.

ಅವರ ಅಣ್ಣನ ಮಗ ಕ್ಯಾಲಿಫೋರ್ನಿಯಾದಲ್ಲಿ ಕೂಲಿ ಮಾಡಿ ಬಂದವನು, ಇಂಗ್ಲಿಷ್ ಬರ್ತಿತ್ತು. ಅವನ ಮೂಲಕ ಅಜ್ಜಿ ಕೇಳಿದರು, 'ನಿಮ್ಮ ಸತ್ತವರಿಗೆ ಏನು ಕೊಡ್ತೀರಿ?'

ನಮ್ಮದು ಮಂಡ್ಯ ಕಡೆ. ಪಿತೃಪಕ್ಷದಲ್ಲಿ ಎಡೆ ಇಡ್ತೀವಿ ಅಂದೆ. ಮುದ್ದೆ, ಕೋಳಿ ಸಾರು, ಒಡೆ, ತಾತನಿಗೆ ಬೀಡಿ ಕಟ್ಟು, ಒಂದು ಕ್ವಾರ್ಟರ್ ಬಾಟಲಿ. ಅಜ್ಜಿ ತಮ್ಮ ಗಂಡನ ಸಮಾಧಿ ತೋರಿಸಿದರು. ಅಲ್ಲೂ ಸಿಗರೇಟು, ಮೆಸ್ಕಾಲ್ ಬಾಟಲಿ, ಬಾಳೆಲೆಯಲ್ಲಿ ಸುತ್ತಿದ ತಮಾಲೆ, ಅಂದ್ರೆ ಮುಸುಕಿನ ಜೋಳದ ಹಿಟ್ಟಿನ ಕಡುಬು. ಇಬ್ಬರೂ ನಕ್ಕೆವು.

'ಆಮೇಲೆ?'

'ಆಮೇಲೆ ಬಾಗಿಲು ಹಾಕಿಕೊಂಡು ನಾವೆಲ್ಲ ಹೊರಗೆ ಬರ್ತೀವಿ. ಅವರು ಬಂದು ತಿನ್ನಲಿ ಅಂತ.'

ಅಣ್ಣನ ಮಗ ಅದನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದ. ಅಜ್ಜಿ ಹುಬ್ಬು ಗಂಟಿಕ್ಕಿದರು. ಎರಡನೇ ಸಲ ಹೇಳಿಸಿದರು.

'ವರ್ಷಕ್ಕೊಂದು ಸಲ ಬರ್ತಾರೆ. ಅವರನ್ನು ಒಬ್ಬರನ್ನೇ ಬಿಟ್ಟು ಹೊರಗೆ ಹೋಗ್ತೀರಾ? ಬಾಗಿಲು ಯಾಕೆ ಹಾಕ್ತೀರಿ?'

ನಾವಿದ್ದರೆ ಅವರಿಗೆ ಸಂಕೋಚ ಅಂತ ಏನೋ ಹೇಳಿದೆ. ಅಜ್ಜಿ ಒಪ್ಪಲಿಲ್ಲ. ತಮ್ಮ ಗಂಡ ಯಾವತ್ತೂ ಒಬ್ಬನೇ ಕೂತು ಉಂಡವನಲ್ಲ ಅಂದರು. ಬೇಜಾರಾದ ಹಾಗೆ ಶಾಲು ಎಳೆದುಕೊಂಡು ಬತ್ತಿಯ ಕುಡಿ ಸರಿಮಾಡಿದರು. ಸ್ವಲ್ಪ ಹೊತ್ತಾದ ಮೇಲೆ ಒಂದು ತಮಾಲೆ ಬಿಚ್ಚಿ ಕೊಟ್ಟರು. ಒಳಗೆ ಮೋಲೆ ನೆಗ್ರೋ. ಕರ್ರಗಿನ ಮಸಾಲೆ, ಸುಟ್ಟ ಮೆಣಸಿನಕಾಯಿ, ಚಾಕೊಲೇಟ್. ಮೊದಲು ಕಹಿ, ಆಮೇಲೆ ಸಿಹಿ, ಖಾರ ಕೊನೆಗೆ ಗಂಟಲಲ್ಲಿ. ಆ ಊರಲ್ಲಿ ತಿಂದಿದ್ದರಲ್ಲಿ ಇದಕ್ಕಿಂತ ರುಚಿ ಇನ್ನೊಂದಿಲ್ಲ. ಹುರಿದ ಮಿಡತೆಯನ್ನು ಎಲ್ಲರೂ ಹೊಗಳ್ತಾರೆ, ನನಗೇನೋ ಉಪ್ಪು ನಿಂಬೆ ಬಿಟ್ಟು ಬೇರೇನೂ ಸಿಗಲಿಲ್ಲ.

ಎರಡು ಗಂಟೆಗೆ ಎದ್ದೆ. ಅಜ್ಜಿ ಬೆಳಗಿನವರೆಗೂ ಇರ್ತೀನಿ ಅಂದರು.

ಮಾರನೇ ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಊರಲ್ಲಿ ರಾತ್ರಿ ಎಂಟೂವರೆ. ಎಲ್ಲ ಕಥೆ ಹೇಳಿ, 'ಅಲ್ಲ ಕಣವ್ವ, ಎಡೆ ಇಟ್ಟು ಬಾಗ್ಲು ಯಾಕೆ ಹಾಕ್ತೀವಿ?' ಅಂದೆ.

'ತೆಗ್ದಿಟ್ರೆ ಬೆಕ್ಕು ಬಂದು ಕೋಳಿಗೆ ಬಾಯಿ ಹಾಕಲ್ವೇನ್ಲಾ?' ಅಂದಳು ಅವ್ವ.