ಸ್ಪ್ಯಾಮ್ ಕಳಿಸಿದವನ ಮೇಲೆ ಕೇಸು: ಸಿಟ್ಟಿನ ಬೆಳಗಿನಿಂದ ವಕೀಲರ ಬಿಲ್ಲಿನವರೆಗೆ

ಬೆಳಿಗ್ಗೆ ಇನ್‌ಬಾಕ್ಸ್ ತೆರೆದರೆ ಮತ್ತೆ ಅದೇ ಜಾಹೀರಾತು. ಈ ಸಲ ಕೋರ್ಟಿಗೇ ಎಳೆಯಬೇಕು ಎಂದು ಸಿಟ್ಟಾದ ಸಣ್ಣ ವ್ಯಾಪಾರಿ ಆ ಮೇಲನ್ನು ವಕೀಲರಿಗೆ ಫಾರ್ವರ್ಡ್ ಮಾಡುತ್ತಾನೆ. ಎಡವುವುದು ಅಲ್ಲೇ. ಫಾರ್ವರ್ಡ್ ಆದ ಪ್ರತಿಯಲ್ಲಿ ಮೂಲ ಹೆಡರ್, ಅಂದರೆ ಮೇಲ್ ಎಲ್ಲಿಂದ ಯಾವ ದಾರಿಯಲ್ಲಿ ಬಂತೆಂಬ ದಾಖಲೆ, ಉಳಿಯುವುದಿಲ್ಲ. ಹೆಡರ್ ಇಲ್ಲದಿದ್ದರೆ ಸಾಕ್ಷ್ಯದ ಅರ್ಧ ಬಲ ಹೋದಂತೆ. ಜಿಮೇಲ್‌ನಲ್ಲಾದರೆ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆರೆದು, ಇಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಬೇಕು.

ಮುಂದಿನದು ಹೆಡರಿನ ‘ರಿಸೀವ್ಡ್’ ಸಾಲುಗಳ, ಅಂದರೆ ಮೇಲ್ ಹಾದುಬಂದ ಸರ್ವರ್‌ಗಳು ಬರೆದ ಗುರುತುಗಳ ಓದು. ಪಯಣದ ಕ್ರಮ ಕೆಳಗಿನಿಂದ ಮೇಲಕ್ಕೆ, ನಂಬಿಕೆಯ ಕ್ರಮ ಮೇಲಿನಿಂದ ಕೆಳಕ್ಕೆ. ನಿಮ್ಮ ಸರ್ವರ್ ತಾನೇ ಬರೆದ ಮೇಲಿನ ಸಾಲುಗಳನ್ನು ನಂಬಬಹುದು, ಅದರ ಕೆಳಗಿನದನ್ನು ಯಾರು ಬೇಕಾದರೂ ಕಟ್ಟಿಕಳಿಸಬಹುದು. ನಂಬಬಹುದಾದ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಕಂಪ್ಯೂಟರಿನ ಗುರುತು ಸಂಖ್ಯೆ) ಹಿಡಿದು ಹೊರಟರೆ ಸಿಗುವುದು ಹೆಚ್ಚಾಗಿ ಬಾಡಿಗೆ ಸರ್ವರ್, ಇಲ್ಲವೇ ವೈರಸ್ ಹೊಕ್ಕ ಯಾರದೋ ಕಂಪ್ಯೂಟರ್. ನೋಟಿಸು ಯಾರ ಹೆಸರಿಗೆ ಕಳಿಸುವುದು? ಅದರ ಬದಲು ಆ ಐಪಿ ಸೇರಿದ ನೆಟ್‌ವರ್ಕಿನ ದೂರು ವಿಭಾಗಕ್ಕೆ ಪೂರ್ತಿ ಹೆಡರ್ ಕಳಿಸುವುದು ಹತ್ತು ನಿಮಿಷದ ಕೆಲಸ, ಖರ್ಚಿಲ್ಲ.

ಹೆಸರು ಸಿಕ್ಕರೂ ಕಾನೂನು ನಿಮ್ಮ ಪಾಲಿಗಿದೆಯೇ ಎಂಬುದು ಬೇರೆ ಮಾತು. ಅಮೆರಿಕದ 2003ರ ಕ್ಯಾನ್‌-ಸ್ಪ್ಯಾಮ್ ಕಾಯ್ದೆಯಡಿ ಸರ್ಕಾರದ ಹೊರಗೆ ದಾವೆ ಹೂಡಬಲ್ಲವರು ಇಂಟರ್ನೆಟ್ ಸೇವೆ ಕೊಡುವವರು ಮಾತ್ರ. ತನ್ನದೇ ಡೊಮೇನಿಗೆ (ಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಬಂದ ಸ್ಪ್ಯಾಮ್ ಕೂಡಿಟ್ಟು ವರ್ಚುಮುಂಡೊ ಕಂಪನಿಯ ಮೇಲೆ ದಾವೆ ಹಾಕಿದವನಿಗೆ ಆ ಅರ್ಹತೆಯೇ ಇಲ್ಲವೆಂದು 2009ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಅದಕ್ಕೂ ಮೊದಲೇ ಕೆಳ ನ್ಯಾಯಾಲಯ ಎದುರಾಳಿಯ ಖರ್ಚಿಗೆಂದು ಅವನ ಮೇಲೆ ಸುಮಾರು 1.11 ಲಕ್ಷ ಡಾಲರ್ ಹೇರಿತ್ತು. ಗೆದ್ದರೂ ವಸೂಲಿ ಕಷ್ಟವೇ: 2008ರಲ್ಲಿ ಫೇಸ್‌ಬುಕ್ ಒಬ್ಬ ಸ್ಪ್ಯಾಮರ್ ವಿರುದ್ಧ 87.3 ಕೋಟಿ ಡಾಲರಿನ ತೀರ್ಪು ಪಡೆಯಿತು. ಆತ ದಿವಾಳಿ ಘೋಷಿಸಿಕೊಂಡ.

ಹಾಗಾದರೆ ಕೇಸೇ ಬೇಡವೇ? ಕಳಿಸಿದವರು ನೋಂದಾಯಿತ ಕಂಪನಿ, ನಿಮ್ಮದೇ ದೇಶದವರು, ‘ಕಳಿಸಬೇಡಿ’ ಎಂದು ಬರೆದು ತಿಳಿಸಿದ ಮೇಲೂ ನಿಲ್ಲಿಸಿಲ್ಲ ಎಂದರೆ ಯೋಚಿಸಬಹುದು. ಬ್ರಿಟನ್ನಿನ 2003ರ ನಿಯಮಗಳಡಿ, ಆದ ನಷ್ಟಕ್ಕೆ ಪರಿಹಾರ ಕೇಳಬಹುದು. ಆದರೆ ಮೊದಲೇ ಒಪ್ಪಿಗೆ ಪಡೆಯಬೇಕೆಂಬ ರಕ್ಷಣೆ ಅಲ್ಲಿ ಏಕವ್ಯಕ್ತಿ ವ್ಯಾಪಾರಕ್ಕಿದೆ, ಲಿಮಿಟೆಡ್ ಕಂಪನಿಗಿಲ್ಲ.

ನಿಮ್ಮ ಡೊಮೇನಿನ ಹೆಸರಲ್ಲೇ ಬೇರೆಯವರು ಸ್ಪ್ಯಾಮ್ ಕಳಿಸುತ್ತಿದ್ದರೆ ಮಾತ್ರ ಕೋರ್ಟಿಗಿಂತ ಮೊದಲು ಡಿಎನ್‌ಎಸ್ (ಡೊಮೇನಿನ ದಾಖಲೆಗಳನ್ನಿಡುವ ವ್ಯವಸ್ಥೆ) ಕಡೆ ಓಡಿ. ಎಸ್‌ಪಿಎಫ್ (ನಿಮ್ಮ ಹೆಸರಲ್ಲಿ ಕಳಿಸಬಲ್ಲ ಸರ್ವರ್‌ಗಳ ಪಟ್ಟಿ), ಡಿಕಿಮ್ (ಮೇಲಿಗೆ ಡಿಜಿಟಲ್ ಸಹಿ) ಹಾಕಿ, ಇವುಗಳಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್ ನೀತಿಯನ್ನು ಮೊದಲು ‘ನನ್’ನಲ್ಲಿಡಿ (none, ಏನೂ ಮಾಡಬೇಡ), ಅದರಲ್ಲಿ ವರದಿ ಬರಬೇಕಾದ ವಿಳಾಸವನ್ನೂ ಕೊಡಿ. ಆಗ ಬರುವ ದಿನದ ವರದಿಗಳಲ್ಲಿ ನಿಮ್ಮ ಹೆಸರು ಬಳಸಿದ ಐಪಿಗಳ ಪಟ್ಟಿಯಿರುತ್ತದೆ. ವಕೀಲರಿಗೂ ಬೇಕಾದದ್ದು ಅದೇ. ಕೆಲವು ವಾರ ನೋಡಿ ‘ಕ್ವಾರಂಟೈನ್’ (ಸ್ಪ್ಯಾಮ್ ಪೆಟ್ಟಿಗೆಗೆ ಹಾಕು), ಆಮೇಲೆ ‘ರಿಜೆಕ್ಟ್’ (ತಿರಸ್ಕರಿಸು). ಅವಸರಪಟ್ಟು ಮೊದಲ ದಿನವೇ ‘ರಿಜೆಕ್ಟ್’ ಹಾಕಿದರೆ, ಎಸ್‌ಪಿಎಫ್, ಡಿಕಿಮ್‌ಗೆ ಸೇರಿಸಲು ಮರೆತ ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ಹೋಗುವ ನಿಮ್ಮ ಇನ್‌ವಾಯ್ಸುಗಳೇ ಗ್ರಾಹಕರನ್ನು ತಲುಪದೇ ಹೋದಾವು.