ಮನೆ ಮುಟ್ಟಿದ್ಯಾ ಅಂತ ಕೇಳುವವರು

ಪಕ್ಕದ ಮನೆಯ ಅಜ್ಜ ಹೋದ ಶನಿವಾರ ಬಾಗಿಲು ತಟ್ಟಿ, "ನನ್ನದೊಂದು ಫೋಟೋ ತೆಗೆದುಕೊಡ್ತೀಯಾ?" ಅಂತ ಕೇಳಿದರು. ಪಾಸ್‌ಪೋರ್ಟಿಗೆ ಇರಬೇಕು ಅಂದುಕೊಂಡೆ. ನೋಡಿದರೆ ಡೇಟಿಂಗ್ ಆ್ಯಪಿಗಂತೆ! ವಯಸ್ಸು ಎಪ್ಪತ್ತು ದಾಟಿದೆ. ಇಂಗ್ಲೆಂಡಿನ ಇದೇ ಲೀಡ್ಸ್ ಊರಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದವು. ಮಗಳು ಇರುವುದು ಆಸ್ಟ್ರೇಲಿಯಾದಲ್ಲಿ. ಅವಳೇ ಅಲ್ಲಿಂದ ವಿಡಿಯೋ ಕಾಲ್ ಮಾಡಿ, ಇಲ್ಲಿ ಒತ್ತು, ಅಲ್ಲಿ ಒತ್ತು ಅಂತ ಖಾತೆ ತೆರೆಸಿದ್ದಾಳೆ. ಅಪ್ಪನಿಗೆ ಮಗಳೇ ಹೆಣ್ಣು ಹುಡುಕುವ ಕಾಲ ಬಂತು. ಎಲ್ಲ ಆಗಿ ಫೋಟೋದ ಹತ್ತಿರ ನಿಂತುಬಿಟ್ಟಿದೆ. ಇವರ ಬಳಿ ಇರುವ ಎಲ್ಲ ಫೋಟೋಗಳಲ್ಲೂ ಹೆಂಡತಿ ಪಕ್ಕದಲ್ಲಿದ್ದಾರೆ. ಕತ್ತರಿಸಿ ಹಾಕಲು ಮನಸ್ಸು ಬರಲಿಲ್ಲವಂತೆ.

ಹಿತ್ತಲಿನ ಗುಲಾಬಿ ಗಿಡದ ಮುಂದೆ ನಿಲ್ಲಿಸಿದೆ. ಕೋಟು ಹಾಕಿ, ಟೈ ಕಟ್ಟಿ, ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತವರ ಹಾಗೆ ಬಿಗಿದುಕೊಂಡು ನಿಂತರು. ಟೈ ತೆಗೆಸಿದೆ. ಇಲ್ಲಿ ಎಂಥ ಹಿರಿಯರನ್ನೂ ಹೆಸರು ಹಿಡಿದು ಕರೆಯಬೇಕು. ನನಗೆ ಇನ್ನೂ ನಾಲಿಗೆ ಏಳುವುದಿಲ್ಲ, ಮನಸ್ಸಿನಲ್ಲಿ ಅಜ್ಜ ಅಂತಲೇ ಅನ್ನುತ್ತೇನೆ. ಸ್ವಲ್ಪ ನಗಲಿ ಅಂತ, "ಎಂಥ ಹೆಣ್ಣು ಬೇಕು ಹೇಳಿ, ನಮ್ಮ ಊರ ಕಡೆಯೂ ವಿಚಾರಿಸ್ತೀನಿ" ಅಂದೆ.

ಅವರು ನಗಲಿಲ್ಲ. "ಅಡುಗೆ ನಾನೇ ಮಾಡ್ಕೋತೀನಿ. ಮಾತಿಗೆ ಟೀವಿ ಇದೆ. ಎಲ್ಲಿಗಾದ್ರೂ ಹೋಗಿ ಬಂದಾಗ, ಮನೆ ಮುಟ್ಟಿದೆ ಅಂತ ಹೇಳೋಕೆ ಒಬ್ಬರು ಬೇಕು. ಅಷ್ಟೇ" ಅಂದರು. ಸ್ಕಾರ್ಬರೋದಲ್ಲಿ ಇರುವ ಅಣ್ಣನನ್ನು ನೋಡಲು ಹೋಗಿದ್ದರಂತೆ. ರಾತ್ರಿ ಮಳೆಯಲ್ಲಿ ವಾಪಸು ಬಂದು, ಬೀಗ ತೆಗೆದು, ಅಭ್ಯಾಸಬಲದಿಂದ ಜೇಬಿನಿಂದ ಫೋನ್ ತೆಗೆದಿದ್ದಾರೆ. ಯಾರಿಗೆ ಮಾಡುವುದು? ಆಸ್ಟ್ರೇಲಿಯಾದಲ್ಲಿ ಮಗಳು ಕೆಲಸಕ್ಕೆ ಹೊರಟಿರುವ ಹೊತ್ತು. ಫೋನ್ ಮತ್ತೆ ಜೇಬಿಗೆ ಹೋಯಿತು.

ನಾನು ಸುಮ್ನೆ ಫೋಟೋ ತೆಗೆದೆ. ಚೆನ್ನಾಗಿಯೇ ಬಂತು.

ಕೊಪ್ಪಳ ಜಿಲ್ಲೆಯ ಕುಕನೂರು ನಮ್ಮೂರು. "ಮುಟ್ಟಿದ ಕೂಡ್ಲೆ ಫೋನ್ ಹಚ್ಚವಾ" ಅನ್ನುವುದು ಅಲ್ಲಿ ಹೊಸ್ತಿಲು ದಾಟುವಾಗ ಕಿವಿಗೆ ಬೀಳುವ ಕೊನೆಯ ಮಾತು. ಕೊಪ್ಪಳಕ್ಕೆ ಹೋದರೂ ಅಷ್ಟೇ, ಇಂಗ್ಲೆಂಡಿಗೆ ಹೊರಟಾಗಲೂ ಅಷ್ಟೇ. ಮನೆಯಲ್ಲಿ ಫೋನ್ ಇಲ್ಲದ ಕಾಲದಲ್ಲಿ ಕಿರಾಣಿ ಅಂಗಡಿಗೆ ಫೋನ್ ಬರುತ್ತಿತ್ತು. ಅಂಗಡಿಯ ಹುಡುಗ ಓಡಿ ಬಂದು, "ನಿಮ್ಮ ತಂಗಿ ಮುಟ್ಯಾಳಂತ" ಅಂತ ಕೂಗಿ ಹೋಗುತ್ತಿದ್ದ. ಆ ಒಂದು ಮಾತು ಬಂದ ಮೇಲೆಯೇ ಅವ್ವ ಒಲೆ ಹಚ್ಚುತ್ತಿದ್ದದ್ದು. ಇದನ್ನು ನಾನು ಯಾವತ್ತೂ ಪ್ರೀತಿಯ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಿರಿಕಿರಿ ಅಂತಲೇ ಇಟ್ಟುಕೊಂಡಿದ್ದೆ.

ಅಜ್ಜನ ಹಾಗೆ ನಾನೂ ಆ್ಯಪುಗಳಲ್ಲಿ ಇದ್ದೇನೆ. ಮೂವತ್ತು ದಾಟಿದ ಮೇಲೆ ಊರವರ ಕಣ್ಣಲ್ಲಿ ನಾನು ತೀರದ ಲೆಕ್ಕ. ಇಲ್ಲಿ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು. ಮೊದಮೊದಲು ಖುಷಿಯಿತ್ತು. ಬಂಬಲ್ ಅನ್ನುವ ಆ್ಯಪ್ 2014ರಲ್ಲಿ ಶುರುವಾದಾಗ, ಹೆಣ್ಣೇ ಮೊದಲು ಮಾತಾಡಬೇಕು ಅಂತ ನಿಯಮ ಇಟ್ಟಿತ್ತು. ಕಾಲೇಜಿನಲ್ಲಿ ಹುಡುಗನ ಹತ್ತಿರ ನೋಟ್ಸ್ ಕೇಳಲೂ ಇನ್ನೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದ ನನಗೆ ಅದು ದೊಡ್ಡ ಸ್ವಾತಂತ್ರ್ಯ. 2024ರಲ್ಲಿ ಅವರೇ ಆ ನಿಯಮ ಸಡಿಲಿಸಿದರು. ಹೆಣ್ಣುಮಗಳು ಒಂದು ಪ್ರಶ್ನೆ ಬರೆದಿಟ್ಟರೆ ಸಾಕು, ಗಂಡಸರು ಅದಕ್ಕೆ ಉತ್ತರ ಕೊಟ್ಟು ಮಾತು ಶುರು ಮಾಡಬಹುದು ಅಂದರು. ಪ್ರತಿ ಸಲ ಮೊದಲ ಮಾತು ಹುಡುಕುವುದು ಎಷ್ಟು ಸುಸ್ತಿನ ಕೆಲಸ ಅಂತ ನನಗೂ ಗೊತ್ತು.

ಆ್ಯಪುಗಳಲ್ಲಿ ಎತ್ತರ, ವಯಸ್ಸು, ಎಷ್ಟು ಮೈಲಿ ದೂರ, ಸಿಗರೇಟು ಸೇದುತ್ತಾರಾ, ನಾಯಿ ಇದೆಯಾ ಅಂತ ಕೇಳುತ್ತಾರೆ. ಊರಿನಲ್ಲಿ ಅಪ್ಪ ತುಂಬಿಸಿದ ಮ್ಯಾಟ್ರಿಮೋನಿ ಫಾರಂನಲ್ಲಿ ಜಾತಿ, ಒಳಪಂಗಡ, ನಕ್ಷತ್ರ, ಸಂಬಳ ಇದ್ದವು. ಫಾರಂನಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಮ್ಮ ಕಡೆಯವರು ಬಾಯಲ್ಲೇ ಕೇಳುತ್ತಾರೆ: ಹೊಲ ಕಾಲುವೆ ನೀರಿನದೋ, ಮಳೆ ನಂಬಿದ್ದೋ? ಗಂಗಾವತಿ, ಸಿಂಧನೂರು ಕಡೆಯ ಗದ್ದೆಗೆ ಇರುವ ಮರ್ಯಾದೆ ನಮ್ಮ ಎರೆ ಹೊಲಕ್ಕೆ ಇಲ್ಲ. ಎರಡೂ ಕಡೆ ಮನುಷ್ಯನನ್ನು ನೋಡುವ ಮೊದಲೇ ಜರಡಿ ಹಿಡಿದಿರುತ್ತಾರೆ. ನಾಯಿ ಸಾಕಿದ್ದಾರಾ ಅಂತ ಕೇಳುವವರನ್ನು ನೋಡಿ ಅವ್ವ ನಗುತ್ತಾಳೆ. ನಕ್ಷತ್ರ ಕೇಳುವವರನ್ನು ನೋಡಿ ನನ್ನ ಇಲ್ಲಿನ ಸಹೋದ್ಯೋಗಿಗಳು ನಗುತ್ತಾರೆ.

ಇನ್ನು ಗೋಸ್ಟಿಂಗ್. ನಾಲ್ಕು ದಿನ ಚೆನ್ನಾಗಿ ಮಾತಾಡಿ, ಐದನೇ ದಿನ ಸುಳಿವೇ ಇಲ್ಲದೆ ಮಾಯವಾಗುವುದಕ್ಕೆ ಇಲ್ಲಿನವರು ಇಟ್ಟ ಹೆಸರು ಇದು. ಇದೇನೋ ಹೊಸ ಕಾಲದ ರೋಗ ಅನ್ನುವ ಹಾಗೆ ಮಾತಾಡುತ್ತಾರೆ. ನನಗೆ ಆಶ್ಚರ್ಯವೇ ಆಗಲಿಲ್ಲ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮಂಡಾಳ ಒಗ್ಗರಣೆ, ಮಿರ್ಚಿ ತಿಂದು, ಚಾ ಕುಡಿದು, "ಊರಿಗೆ ಹೋಗಿ ಫೋನ್ ಮಾಡ್ತೀವಿ" ಅಂತ ಹೋಗುತ್ತಾರೆ. ಫೋನ್ ಬರುವುದಿಲ್ಲ. ನಮ್ಮಕ್ಕನಿಗೆ ಹೀಗೆ ಎಷ್ಟು ಸಲ ಆಯಿತೋ. ಅಪ್ಪ ಸಂಜೆ ಹೊರಗೆ ಹೋಗದೆ ಫೋನಿನ ಹತ್ತಿರವೇ ಕೂತಿರುತ್ತಿದ್ದರು. ಅಕ್ಕ ಒಳಗೆ ಕಾಳು ಹಸನು ಮಾಡುತ್ತಾ ಕಿವಿ ಇತ್ತ ಇಟ್ಟಿರುತ್ತಿದ್ದಳು. ಆ್ಯಪಿನಲ್ಲಿ ಮಾಯವಾದವನು ನನ್ನೊಬ್ಬಳನ್ನು ಕಾಯಿಸುತ್ತಾನೆ. ಅವರು ಇಡೀ ಮನೆಯನ್ನು ಕಾಯಿಸುತ್ತಿದ್ದರು.

2024ರಲ್ಲಿ ನಮ್ಮದೇ ಜಿಲ್ಲೆಯ ಕನಕಗಿರಿಯಲ್ಲಿ ಜನಸ್ಪಂದನ ಸಭೆ ನಡೆದಾಗ ಒಬ್ಬ ಯುವ ರೈತ ಜಿಲ್ಲಾಧಿಕಾರಿಗೆ ಅರ್ಜಿ ಕೊಟ್ಟದ್ದು ನಿಮಗೆ ನೆನಪಿರಬಹುದು. ವರ್ಷಗಟ್ಟಲೆ ಹುಡುಕಿದರೂ ಹೆಣ್ಣು ಸಿಗುತ್ತಿಲ್ಲ, ನೀವಾದರೂ ನೋಡಿಕೊಡಿ ಅಂತ. ನಮ್ಮ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ನಗುವ ಮುಖಗಳ ಸಾಲೇ ಬಂತು. ಆಮೇಲೆ ಕಾಕಾಗಳ ಮಾತು: ಈಗಿನ ಹುಡುಗಿಯರಿಗೆ ದುರಾಸೆ, ರೈತ ಅಂದರೆ ಮೂಗು ಮುರೀತಾರೆ. ನನಗೆ ಆ ಹುಡುಗನ ಮೇಲೆ ಗೌರವ ಹುಟ್ಟಿತು. ತುಂಬಿದ ಸಭೆಯಲ್ಲಿ ಎದ್ದು, ನನಗೆ ಜೊತೆ ಬೇಕು ಅಂತ ಹೇಳಲು ಎಂಥ ಎದೆ ಬೇಕು! ಆದರೆ ದುರಾಸೆಯ ಮಾತು ಒಪ್ಪಲಾರೆ. ನಮ್ಮ ಹುಡುಗಿಯರು ಹೊಲಕ್ಕೆ ಹೆದರುವುದಿಲ್ಲ. ಅವ್ವಂದಿರು ನಸುಕಿಗೆ ಎದ್ದು ರೊಟ್ಟಿ ಬಡಿದು, ಹಗಲೆಲ್ಲ ಕಳೆ ತೆಗೆದು, ರಾತ್ರಿ ಎಲ್ಲರೂ ಉಂಡ ಮೇಲೆ ಉಣ್ಣುವುದನ್ನು ಅವರು ನೋಡುತ್ತಲೇ ಬೆಳೆದಿದ್ದಾರೆ. ನೀನು ಉಂಡ್ಯಾ ಅಂತ ಆ ಅವ್ವನನ್ನು ಕೇಳಿದ ಗಂಡಸರು ಎಷ್ಟು ಮಂದಿ? ಜಿಲ್ಲಾಧಿಕಾರಿ ಏನು ಮಾಡಿಯಾರು.

ಅಜ್ಜನ ಮಾತಿಗೆ ಬರುತ್ತೇನೆ. ಈ ದೇಶದಲ್ಲಿ ಒಂಟಿತನ ಸರ್ಕಾರದ ಕೆಲಸವೂ ಆಗಿದೆ. ಲೀಡ್ಸ್ ಪಕ್ಕದ ಬ್ಯಾಟ್ಲಿ ಕಡೆಯ ಸಂಸದೆ ಜೋ ಕಾಕ್ಸ್ ಒಂಟಿತನದ ಬಗ್ಗೆ ಕೆಲಸ ಶುರು ಮಾಡಿದ್ದರು. 2016ರಲ್ಲಿ ಅವರ ಕೊಲೆಯಾಯಿತು. ಅವರ ಹೆಸರಿನ ಆಯೋಗ ಆ ಕೆಲಸ ಮುಂದುವರಿಸಿ ವರದಿ ಕೊಟ್ಟಿತು, 2018ರಲ್ಲಿ ಇಲ್ಲಿನ ಸರ್ಕಾರ ಒಂಟಿತನದ ಖಾತೆಗೆ ಒಬ್ಬ ಮಂತ್ರಿಯನ್ನೇ ನೇಮಿಸಿತು. ಕೆಲವು ಊರುಗಳ ಪಾರ್ಕಿನಲ್ಲಿ, "ಯಾರಾದರೂ ಮಾತಾಡಿಸಿದರೆ ಅಭ್ಯಂತರವಿಲ್ಲ ಅನ್ನುವವರು ಇಲ್ಲಿ ಕೂರಿ" ಅಂತ ಬರೆದ ಬೆಂಚುಗಳಿವೆ. ಹನುಮಪ್ಪನ ಗುಡಿಯ ಕಟ್ಟೆಗೆ ಬೋರ್ಡು ಹಾಕುವ ಪ್ರಮೇಯವೇ ಇಲ್ಲ, ಅಲ್ವಾ? ಅಲ್ಲಿ ಕೂತವನಿಗೆ ಅಭ್ಯಂತರ ಇದ್ದರೂ ಮಾತಾಡಿಸುತ್ತಾರೆ.

ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ದೊಡ್ಡ ಆರೋಗ್ಯಾಧಿಕಾರಿ, ಆಗಿದ್ದ ವಿವೇಕ್ ಮೂರ್ತಿ 2023ರಲ್ಲಿ ಇದೇ ವಿಷಯದ ಮೇಲೆ ವರದಿ ಹೊರಡಿಸಿದ್ದರು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದವರು. ಜನರ ಸಂಪರ್ಕವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟಿನವರೆಗೆ ಸೇದಿದಷ್ಟು ಕೆಡುಕು ಅಂತ ಅದರಲ್ಲಿದೆ. ಅಪ್ಪನಿಗೆ ಹೇಳಿದೆ. "ಹಂಗಾರ ಬೀಡಿನ ಚಲೋ ಬಿಡವಾ. ಬೀಡಿ ಹಚ್ಚಿದ್ರ ಬೆಂಕಿ ಕೇಳಾಕರ ನಾಕು ಮಂದಿ ಕಟ್ಟಿಗೆ ಬರ್ತಾರ" ಅಂದರು. ಅವ್ವ ಹಿಂದಿನಿಂದ ಬೈದಳು.

ಗೆಳೆತನಕ್ಕೂ ಲೆಕ್ಕ ಹಾಕಿದವರಿದ್ದಾರೆ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅನ್ನುವ ಪ್ರಾಧ್ಯಾಪಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗೆ ಕಳೆಯಬೇಕಂತೆ. ಗೆಳೆತನ ಗಟ್ಟಿಯಾಗಲು 90, ಜೀವದ ಗೆಳೆತನಕ್ಕೆ 200ಕ್ಕೂ ಜಾಸ್ತಿ. ಆ್ಯಪಿನಲ್ಲಿ ಸಿಕ್ಕವರ ಜೊತೆ ನಮಗಿರುವುದು ಒಂದು ಕಾಫಿಯ ಹೊತ್ತು. ಕಪ್ಪು ಖಾಲಿಯಾಗುವಷ್ಟರಲ್ಲಿ ಇವರು ಜೀವನ ಸಂಗಾತಿ ಹೌದೋ ಅಲ್ಲವೋ ಅಂತ ತೀರ್ಪು. ಹುಡುಗಿ ನೋಡುವ ಶಾಸ್ತ್ರವೂ ಅಷ್ಟೇ ಹೊತ್ತಿನದು. ಒಬ್ಬ ಮನುಷ್ಯನ ಪಕ್ಕ ಸುಮ್ನೆ ಕೂತು ಬೇಜಾರು ಮಾಡಿಕೊಳ್ಳಲು ಎರಡರಲ್ಲೂ ಅವಕಾಶವಿಲ್ಲ.

ಆ 200 ಗಂಟೆ ನನಗೆ ಸಿಕ್ಕಿದ್ದು ಬಸ್ಸಿನಲ್ಲಿ. ಕುಕನೂರಿನಿಂದ ಭಾನಾಪುರ ಹಾದು ಕೊಪ್ಪಳದ ಕಾಲೇಜಿಗೆ. ಹೋಗಿ ಬರುವುದರಲ್ಲೇ ದಿನದ ಎರಡು ಗಂಟೆ ಕಳೆಯುತ್ತಿತ್ತು. ಪಕ್ಕದ ಸೀಟಿನಲ್ಲಿ ಯಾವಾಗಲೂ ಅದೇ ಒಬ್ಬ ಗೆಳತಿ. ಬುತ್ತಿಯ ಶೇಂಗಾ ಚಟ್ನಿ, ಪರೀಕ್ಷೆಯ ಭಯ, ಮುಟ್ಟಿನ ಹೊಟ್ಟೆನೋವು, ಮುಂದೆ ಏನಾಗಬೇಕು ಅನ್ನುವುದು, ಎಲ್ಲ ಆ ಸೀಟಿನಲ್ಲೇ. ಅವಳಿಗೆ ಒಬ್ಬ ಹುಡುಗ ಇಷ್ಟವಾಗಿದ್ದ. ಬೇರೆ ಜಾತಿ. ಒಂದು ಸಲ ಇಬ್ಬರೂ ಇಟಗಿಯ ಮಹಾದೇವ ದೇವಾಲಯಕ್ಕೆ ಹೋದರು. 1112ರಲ್ಲಿ ಕಟ್ಟಿಸಿದ ಗುಡಿ, ದೇವಾಲಯಗಳ ಚಕ್ರವರ್ತಿ ಅಂತ ಹೆಸರು. ಆ ಕಂಬಗಳ ನಡುವೆ ಅರ್ಧ ಗಂಟೆ ಕೂತು ಮಾತಾಡಿದ್ದಾರೆ, ಅಷ್ಟೇ. ಯಾರೋ ಪರಿಚಯದವರು ನೋಡಿದರು. ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಮಾರನೆಯ ದಿನದಿಂದ ನನ್ನ ಪಕ್ಕದ ಸೀಟು ಖಾಲಿ. ಆ ಬೇಸಿಗೆಯಲ್ಲೇ ಮದುವೆ. ಅವಳ ಅಪ್ಪ ಬಸವ ಜಯಂತಿಗೆ ಮೈಕ್ ಹಿಡಿದು, ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದ ಕಥೆಯನ್ನು, ಅದಕ್ಕಾಗಿ ಕಲ್ಯಾಣದಲ್ಲಿ ಶರಣರು ಪ್ರಾಣ ಕೊಟ್ಟದ್ದನ್ನು ಕಣ್ಣು ಒದ್ದೆಯಾಗುವಂತೆ ಹೇಳುತ್ತಿದ್ದರು. ಮುಂದಿನ ವರ್ಷದ ಬಸವ ಜಯಂತಿಗೂ ಹೇಳಿದರು.

ಅವಳು ಈಗ ಕೊಪ್ಪಳದಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತಾಳೆ. ಗವಿಮಠದ ಜಾತ್ರೆ ಬಂದರೆ ಉಸಿರಾಡಲು ಪುರುಸೊತ್ತಿಲ್ಲ. ಗಂಡ ಕೆಟ್ಟವನಲ್ಲ, ಮಾತು ಕಡಿಮೆ. ನನಗೆ ದಿನವೂ ವಾಯ್ಸ್ ಮೆಸೇಜ್ ಕಳಿಸುತ್ತಾಳೆ. ಹಿಂದೆ ರೊಟ್ಟಿ ಬಡಿಯುವ ಸದ್ದು ಇದ್ದೇ ಇರುತ್ತದೆ. ಅಜ್ಜನ ಕಥೆ ಹೇಳಿ, ಪಾಪ, ಮನೆ ಮುಟ್ಟಿದ್ಯಾ ಅಂತ ಕೇಳುವವರೂ ಇಲ್ಲ ನೋಡು ಅಂದೆ. ನಮ್ಮೂರೇ ಮೇಲು ಅನ್ನುವ ದನಿ ನನ್ನದು. ಅವಳು ಸ್ವಲ್ಪ ಹೊತ್ತು ಬಿಟ್ಟು ಉತ್ತರ ಕಳಿಸಿದಳು: "ಇಲ್ಲಿ ಮನಿ ಮುಟ್ಟಿದ್ಯಾ ಅಂತ ಕೇಳಾವ್ರು ಹತ್ತು ಮಂದಿ ಅದಾರವಾ. ಎಲ್ಲಿಗೆ ಹೋಗಿದ್ದಿ, ಯಾರ ಕೂಡ ಹೋಗಿದ್ದಿ ಅಂತ ಕೇಳಾವ್ರೂ ಅವರ."

ಅಜ್ಜನ ಮಾತಿಗಿಂತ ಇದು ನನ್ನನ್ನು ಜಾಸ್ತಿ ಕಾಡಿತು. ನನ್ನನ್ನು ಕಾಯುತ್ತಿದ್ದ ಕಣ್ಣುಗಳೇ ಅವಳನ್ನು ಕಾವಲೂ ಕಾಯುತ್ತಿದ್ದವು. ಇಲ್ಲಿ ಲೀಡ್ಸಿನಲ್ಲಿ ನಾನು ರಾತ್ರಿ ಎಷ್ಟು ಹೊತ್ತಿಗೆ ಬಂದರೂ ಯಾರೂ ಪರದೆ ಸರಿಸಿ ನೋಡುವುದಿಲ್ಲ. ಬಾರದಿದ್ದರೂ ನೋಡುವುದಿಲ್ಲ. ಕಾಯುವವರು ಬೇಕು, ಕಾವಲು ಬೇಡ. ಇದನ್ನು ಯಾವ ಫಾರಂನಲ್ಲಿ, ಯಾವ ಆ್ಯಪಿನಲ್ಲಿ ಬರೆಯುವುದು? ನನಗೆ ಅನ್ನಿಸುವುದು ಇಷ್ಟು: ಹೆಣ್ಣನ್ನು ಗೆಳತಿಯಾಗಿ ಕಂಡು ಗೊತ್ತಿರುವ ಗಂಡಸಿಗೆ ಈ ಎರಡರ ವ್ಯತ್ಯಾಸ ತಾನಾಗಿಯೇ ಗೊತ್ತಿರುತ್ತದೆ. ನಮ್ಮ ಕಡೆ ಹುಡುಗರಿಗೆ ಅದನ್ನು ಕಲಿಯಲು ಜಾಗವನ್ನೇ ಕೊಡುವುದಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟು ನಮಗೆ, ಹಿಂದಿನದು ಅವರಿಗೆ. ಆಮೇಲೆ ಒಂದು ದಿನ ತಾಳಿ ಕಟ್ಟಿಸಿ, ಇನ್ನು ಮಾತಾಡಿಕೊಳ್ಳಿ ಅನ್ನುತ್ತಾರೆ.

ನಿನ್ನೆ ಅವ್ವನ ಫೋನ್ ಬಂತು. ಸಿಂಧನೂರು ಕಡೆಯ ಹುಡುಗನಂತೆ, ಪುಣೆಯಲ್ಲಿ ಕೆಲಸ, ಊರಲ್ಲಿ ಕಾಲುವೆ ನೀರಿನ ಗದ್ದೆ. ಎಲ್ಲ ಕೇಳಿ ಆದ ಮೇಲೆ, "ಅವಂಗ ಹುಡುಗೇರು ಯಾರಾರ ಫ್ರೆಂಡ್ಸ್ ಅದಾರೇನು ಕೇಳವ್ವಾ" ಅಂದೆ.

"ಅಯ್ಯ, ಅಂಥಾವೇನೂ ಇಲ್ಲಂತವಾ. ಭಾಳ ಚಲೋ ಹುಡುಗ."

"ಇಲ್ಲಂದ್ರ ಬ್ಯಾಡ. ಇದ್ರ ಹೇಳು."

ಅತ್ತ ಅಪ್ಪ ಕೆಮ್ಮಿದರೋ ನಕ್ಕರೋ ತಿಳಿಯಲಿಲ್ಲ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇದನ್ನ ನಾ ಹೆಂಗ ಕೇಳ್ಲೇ? ಕೇಳಿದ್ರ ಅವರು, ಊರಿಗೆ ಹೋಗಿ ಫೋನ್ ಮಾಡ್ತೀವಿ ಅಂತಾರ ನೋಡು" ಅಂದಳು.

ಅಂದರೆ ಅನ್ನಲಿ, ಕೇಳು ಅಂದೆ.